ಆಷಾಢದ ಗಾಳಿಗೆ ನಿಲ್ಲುವ ಮರ ನೆಡಿ

ಚಿತ್ರದುರ್ಗದ ಹೊರವಲಯದ ಹೊಸ ಬಡಾವಣೆಯೊಂದರಲ್ಲಿ ಸಾಲುಗಟ್ಟಿ ನೆಟ್ಟಿದ್ದ ಗುಲ್‌ಮೊಹರ್‌ಗಳ ಕೊಂಬೆಗಳು ಸೀಳಿ ಜೋತುಬಿದ್ದಿರುವುದನ್ನೂ, ಕೆಲವು ಮರಗಳು ಬುಡಸಮೇತ ಉರುಳಿರುವುದನ್ನೂ ಇಂದು ಬೆಳಿಗ್ಗೆ ನೋಡಿ ಬಂದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಆಷಾಢ ಈಗಷ್ಟೇ ಕಾಲಿಟ್ಟಿದೆ. ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನೆಡುವಷ್ಟು ಗಾಳಿ ಇರುವ ಊರಿನಲ್ಲಿ, ಹೂವಿನ ಬಣ್ಣ ನೋಡಿ ಮರ ಆರಿಸುವುದನ್ನು ನಾವು ಯಾವಾಗ ಬಿಡುತ್ತೇವೆ?

ಗುಲ್‌ಮೊಹರ್ ಮಡಗಾಸ್ಕರ್ ಮೂಲದ ಮರ. ಅದರ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಬೇರು ನೆಲದ ಮೇಲ್ಪದರದಲ್ಲೇ ಹರಡುತ್ತದೆ, ಕೊಂಬೆ ಪೆಡಸು, ಅಗಲವಾದ ತಲೆಗೆ ಗಾಳಿ ನೇರವಾಗಿ ಬಡಿಯುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಟ್ಟು ಸಾಕಿದ ಮರ ಹೀಗೆ ಬಿದ್ದರೆ, ಮರಕ್ಕಿಂತ ಹೆಚ್ಚಾಗಿ ಆ ನೀರನ್ನು ನೆನೆದು ನನಗೆ ಸಂಕಟವಾಗುತ್ತದೆ.

ಬೇವು, ಕಮರ (ಒಣನಾಡಿನ ಒಂದು ಕಾಡುಮರ), ಹುಣಸೆ ನಿಧಾನ, ನಮಗೆ ನೆರಳು ಬೇಗ ಬೇಕು ಎನ್ನುವವರಿದ್ದಾರೆ. ಬೇಗ ಬಂದ ನೆರಳು ಒಂದೇ ಮಳೆಗಾಲದಲ್ಲಿ ನೆಲ ಹಿಡಿದರೆ ಉಳಿದದ್ದೇನು? ಕಮರದ ಸಸಿ ಮೇಲೆ ಅಷ್ಟಾಗಿ ಬೆಳೆಯದಂತೆ ಕಾಣುವ ಮೊದಲ ವರ್ಷಗಳಲ್ಲಿ ತಾಯಿಬೇರನ್ನು ಆಳಕ್ಕೆ ಇಳಿಸುತ್ತಿರುತ್ತದೆ. ಮುಂದೆ ಬರವನ್ನೂ ಗಾಳಿಯನ್ನೂ ತಡೆಯುವುದು ಆ ಬೇರೇ. ಇನ್ನು ಹೊಂಗೆಯನ್ನು ನಿಧಾನವೆಂದು ದೂರಲು ಕಾರಣವೇ ಇಲ್ಲ.

ನೆಡುವ ರೀತಿಯೂ ಅಷ್ಟೇ ಮುಖ್ಯ. ಆಳೆತ್ತರದ ಸಸಿಯೇ ಬೇಕೆಂದು ನರ್ಸರಿಯಿಂದ ತರುತ್ತೇವೆ; ಅದರ ಬೇರು ಚೀಲದೊಳಗೆ ಸುರುಳಿ ಸುತ್ತಿರುತ್ತದೆ. ಮೊಣಕಾಲೆತ್ತರದ ಸಸಿ ತಂದು ಮುಂಗಾರಿನ ಮೊದಲ ಹದಕ್ಕೆ ನೆಡಿ. ಕೋಲಿಗೆ ಬಿಗಿಯಾಗಿ ಕಟ್ಟಬೇಡಿ, ಏಕೆಂದರೆ ಗಾಳಿಗೆ ತುಸು ತೂಗಾಡಿದ ಕಾಂಡವೇ ದಪ್ಪವಾಗಿ ಬಲಿಯುತ್ತದೆ. ಆಷಾಢದ ಗಾಳಿ ಬೀಸಿಬರುವ, ಜಾಗದ ನೈಋತ್ಯದ ಅಂಚಿನಲ್ಲಿ ಹೊರಗೆ ತಂಗಡಿ, ಸೀತಾಫಲ, ಬಾರೆ, ಅವುಗಳ ಒಳಗೆ ಬೇವು, ಹೊಂಗೆಗಳ ಸಾಲು ಇರಲಿ. ಎತ್ತರದ ಗೋಡೆ ಕಟ್ಟಿದರೆ ಗಾಳಿ ಅದನ್ನು ಹಾರಿ ಒಳಬದಿಯಲ್ಲಿ ಸುಳಿಯಾಗಿ ಬೀಳುತ್ತದೆ. ಎಲೆಗಳ ನಡುವೆ ಸೋಸಿ ಬಂದ ಗಾಳಿಗೆ ಆ ರಭಸವಿರುವುದಿಲ್ಲ. ಇಂಥ ಸಾಲು ತನ್ನ ಎತ್ತರದ ಹತ್ತು ಪಟ್ಟು ದೂರದವರೆಗೆ ಒಳಗಿನ ಗಿಡಗಳನ್ನು ಕಾಯಬಲ್ಲದು.

ಕಮರದ ಸಸಿ ಕೇಳಿದರೆ, ಕೇಳುವವರೇ ಇಲ್ಲವೆಂದು ನರ್ಸರಿಯವರು ಹೇಳುತ್ತಾರೆ. ದಯವಿಟ್ಟು ಕೇಳಿ. ಸಿಗದಿದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ಮರದಡಿ ಉದುರುವ ಒಂಟಿಬೀಜದ ಕಾಯಿಗಳನ್ನು ಆಯ್ದು, ಮಳೆ ಬಿದ್ದೊಡನೆ ಮರ ಬೇಕಾದ ಜಾಗದಲ್ಲೇ ಊರಿ.