ಹಪ್ಪಳ ಹಾಳಾದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ

ಅಕಾಲ ಮಳೆ ಬಂದ ಮರುದಿನ ಪೇಪರಿನಲ್ಲಿ ಎರಡು ಸುದ್ದಿ ಇರುತ್ತವೆ. ಬೆಳೆ ಎಷ್ಟು ಹಾಳಾಯಿತು, ಕರೆಂಟ್ ಕಂಬ ಎಷ್ಟು ಬಿದ್ದವು. ನಮ್ಮ ಮನೆಗಳ ಅಂಗಳದಲ್ಲಿ ಹರಡಿದ್ದ ಹಪ್ಪಳ, ಸಂಡಿಗೆ, ಸಾರಿನ ಹುಳಿಗೆ ಹಾಕುವ ಮುರುಗಲು (ಕೋಕಂ) ಹಣ್ಣಿನ ಸಿಪ್ಪೆ, ಮೆಣಸಿನಕಾಯಿ ಏನಾದವು ಅಂತ ಯಾರೂ ಬರೆಯುವುದಿಲ್ಲ. ಕೇಳುವುದೂ ಇಲ್ಲ. ಎಷ್ಟೋ ವರ್ಷದಿಂದ ನುಂಗಿಕೊಂಡು ಬಂದಿದ್ದೇನೆ. ಈ ಸಲ ಬರೆದೇ ಬಿಡುತ್ತೇನೆ.

ನಮ್ಮದು ಉತ್ತರ ಕನ್ನಡದ ಸಿದ್ದಾಪುರ ಕಡೆಯ ಹಳ್ಳಿ. ಜೂನ್ ಬಂತೆಂದರೆ ಸೆಪ್ಟೆಂಬರ್ ಮುಗಿಯುವವರೆಗೆ ಇಲ್ಲಿ ಬಿಸಿಲಿನ ಮುಖ ನೋಡುವುದು ಅಪರೂಪ. ಆ ನಾಲ್ಕು ತಿಂಗಳು ಏನು ತಿನ್ನಬೇಕೋ ಅದೆಲ್ಲ ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲೇ ಒಣಗಿ ಡಬ್ಬ ಸೇರಬೇಕು. ಬ್ಯಾಡಗಿಯಿಂದ ತಂದ ಮೆಣಸಿನಕಾಯಿ ಪುಡಿ ಮಾಡಿಸುವ ಮೊದಲು ಒಣಗಬೇಕು. ಹುಣಸೆಹಣ್ಣು ಬೀಜ ತೆಗೆದು ಒಣಗಬೇಕು. ಬಾಳಕದ ಮೆಣಸು ಮಜ್ಜಿಗೆಯಲ್ಲಿ ಅದ್ದಿ ಅದ್ದಿ ಒಣಗಬೇಕು. ಅಕ್ಕಿ ಸಂಡಿಗೆ, ಹುಳಿಗೆ ಹಾಕುವ ವಾಟೆಕಾಯಿ ಹೋಳು, ಆಮೇಲೆ ಮುರುಗಲು ಸಿಪ್ಪೆ. ಬಚ್ಚಲು ಒಲೆಗೆ ಕಟ್ಟಿಗೆ ಒಣಗಬೇಕು. ಕೊಟ್ಟಿಗೆಗೆ ದರಕು, ಅಂದರೆ ಒಣಗಿದ ಎಲೆ, ತಂದು ತುಂಬಬೇಕು. ಹಾಸಿಗೆ, ಕಂಬಳಿ ಒಗೆದು ಒಣಗಿಸಿ ಒಳಗಿಡಬೇಕು. ಇದೆಲ್ಲಕ್ಕೂ ಬೇಕಾದದ್ದು ಒಂದೇ, ನಂಬುವಂಥ ಬಿಸಿಲು. ಅದೇ ಈಗ ಇಲ್ಲ.

ಹಲಸಿನಕಾಯಿ ಹಪ್ಪಳ ತಿನ್ನುವವರಿಗೆಲ್ಲ ಅದನ್ನು ಮಾಡುವುದು ಹೇಗೆ ಅಂತ ಗೊತ್ತಾ? ಕಾಯಿ ಸರಿಯಾಗಿ ಬೆಳೆದಿರಬೇಕು, ಹಣ್ಣಾಗಿರಬಾರದು. ಆ ಹದ ಸಿಗುವುದೇ ಸ್ವಲ್ಪ ದಿನ. ಮರ ಹತ್ತಿಸಿ ಕಾಯಿ ಇಳಿಸಬೇಕು. ಕೈಗೆ, ಕತ್ತಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಮೇಣದ ಜೊತೆ ಗುದ್ದಾಡಿ ಕಾಯಿ ಕೊಯ್ಯಬೇಕು. ಒಂದೊಂದೇ ತೊಳೆ ಬಿಡಿಸಿ, ಬೀಜ ತೆಗೆದು, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಖಾರ, ಜೀರಿಗೆ ಹಾಕಿ ಬೀಸಬೇಕು. ಉಂಡೆ ಕಟ್ಟಿ, ಒತ್ತಿ, ಒಂದರ ಪಕ್ಕ ಒಂದು ಚಾಪೆಯ ಮೇಲೆ ಹಾಕಬೇಕು. ಅರೆ ಒಣಗಿದ ಮೇಲೆ ಒಂದೊಂದನ್ನೂ ಮಗುಚಿ ಹಾಕಬೇಕು. ಬೆಳಿಗ್ಗೆ ಕೊಟ್ಟಿಗೆ ಕೆಲಸ, ತಿಂಡಿ ಮುಗಿಸಿ ಶುರು ಮಾಡಿದರೆ ಸೊಂಟ ನೆಟ್ಟಗಾಗುವುದು ಮಧ್ಯಾಹ್ನಕ್ಕೆ. ಅಷ್ಟಾದ ಮೇಲೆ ಎರಡು ಮೂರು ದಿನ ಗಟ್ಟಿ ಬಿಸಿಲು ಬೀಳಬೇಕು. ನಡುವೆ ಒಂದು ಸಂಜೆ ನೆನೆದರೆ ಮುಗಿಯಿತು. ಮರುದಿನ ಹುಳಿ ವಾಸನೆ, ಅದರ ಮರುದಿನ ಕಪ್ಪು ಚುಕ್ಕಿ, ಬೂಸು. ಒಲೆಯ ಮೇಲಿನ ಅಟ್ಟದಲ್ಲಿ ಹರಡಿ ಉಳಿಸಿಕೊಳ್ಳೋಣ ಅಂದರೆ ಹೊಗೆ ವಾಸನೆ ಹಿಡಿಯುತ್ತದೆ, ಮನೆಯಲ್ಲಿ ಯಾರೂ ತಿನ್ನುವುದಿಲ್ಲ. ಇನ್ನೊಂದು ಸಲ ಮಾಡಿದರಾಯಿತು ಅನ್ನುವವರು ಇದ್ದಾರೆ. ಮಾಡಲು ಕಾಯಿ ಎಲ್ಲಿದೆ? ಮಳೆ ಬಿದ್ದ ಮೇಲೆ ಕಾಯಿಯ ಹದವೇ ತಪ್ಪುತ್ತದೆ. ತೊಳೆ ನೀರು ನೀರಾಗುತ್ತದೆ, ಹಪ್ಪಳ ಒತ್ತಿದರೆ ಕೈಗೇ ಬರುವುದಿಲ್ಲ.

ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವು, ಅಪ್ಪೆಮಿಡಿಯದ್ದೂ ಇದೇ ಗೋಳು. ಮಿಡಿಯನ್ನು ತೊಟ್ಟು ಸಮೇತ ಕೈಯಲ್ಲಿ ಕೊಯ್ದು ಇಳಿಸಬೇಕು. ಅದರ ಸೊನೆಯಲ್ಲೇ ಪರಿಮಳ ಇರುವುದು, ಬಾಳಿಕೆ ಇರುವುದು. ಒಂದು ರಾತ್ರಿ ಗಾಳಿ ಬೀಸಿತೆಂದರೆ ಮಿಡಿಯೆಲ್ಲ ನೆಲಕ್ಕೆ. ಆಲಿಕಲ್ಲು ಬಿದ್ದರೆ ಮರದ ಮೇಲೆ ಉಳಿದದ್ದಕ್ಕೂ ಪೆಟ್ಟು. ಪೆಟ್ಟು ತಿಂದ ಮಿಡಿಯನ್ನು ಉಪ್ಪಿಗೆ ಹಾಕಿದರೆ ಮೆತ್ತಗಾಗಿ, ಭರಣಿಯಲ್ಲಿ ಪಕ್ಕದಲ್ಲಿರುವ ಒಳ್ಳೆಯ ಮಿಡಿಯನ್ನೂ ಕೆಡಿಸುತ್ತದೆ. ಆಮೇಲೆ ಪೇಟೆಯಿಂದ ಮಿಡಿ ತರಬೇಕು. ಒಳ್ಳೆ ಅಪ್ಪೆಮಿಡಿಯ ರೇಟು ಕೇಳಿದವರಿಗೆ ಗೊತ್ತು.

ಮಳೆ ಬರುವ ರೀತಿಯನ್ನೂ ಹೇಳಬೇಕು. ಬೆಳಿಗ್ಗೆ ಕಣ್ಣು ಬಿಡಲಾಗದಷ್ಟು ಬಿಸಿಲು. ಅದನ್ನು ನೋಡಿಯೇ ಎಲ್ಲವನ್ನೂ ಅಂಗಳಕ್ಕೆ ತರುವುದು. ನೆಲ ಕಾದು, ಸಮುದ್ರದ ಕಡೆಯಿಂದ ತೇವದ ಗಾಳಿ ಘಟ್ಟ ಹತ್ತಿ, ಮಧ್ಯಾಹ್ನದ ಮೇಲೆ ಮೋಡ ಎದ್ದು ನಿಲ್ಲುತ್ತದೆ. ಮೂರು ಗಂಟೆಗೆ ಎಲೆ ಅಲ್ಲಾಡುವುದಿಲ್ಲ, ಮೂರೂವರೆಗೆ ಗುಡುಗು. ಮೊದಲ ಹನಿ ಬಿದ್ದದ್ದಕ್ಕೂ ಅಂಗಳ ತುಂಬಾ ನೀರು ಹರಿಯುವುದಕ್ಕೂ ನಡುವೆ ಉಸಿರಾಡಲು ಪುರುಸೊತ್ತಿಲ್ಲ.

ಆಗ ಮನೆಯಲ್ಲಿ ಏಳುವ ಕೂಗು ಯಾವುದು ಗೊತ್ತಾ? "ಅಡಿಕೆ! ಅಡಿಕೆ!" ಚಾಲಿಗೆ ಹಾಕಿದ, ಅಂದರೆ ಬೇಯಿಸದೆ ಸಿಪ್ಪೆ ಸಮೇತ ಒಣಗಿಸುವ ಅಡಿಕೆ ಒಣಗಲು ನಲವತ್ತು ದಿನದ ಮೇಲೆ ಬಿಸಿಲು ಬೇಕು, ಹಾಗಾಗಿ ಅಂಗಳದ ಒಳ್ಳೆಯ ಭಾಗವೆಲ್ಲ ಅದಕ್ಕೇ. ತಾಡಪಾಲು ಅದಕ್ಕೇ. ಓಡುವ ಕಾಲೂ ಅದಕ್ಕೇ. ಮನೆಯವರು, ಭಾವ, ಕೆಲಸಕ್ಕೆ ಬಂದವರು ಎಲ್ಲರೂ ಅಡಿಕೆ ಗುಡ್ಡೆ ಹಾಕಲು ಓಡುತ್ತಾರೆ. ಚಾಪೆ ಎತ್ತಲು ಉಳಿಯುವುದು ನಾನು ಮತ್ತು ಮಂಡಿನೋವಿನ ನಮ್ಮ ಅತ್ತೆ. ಹಸಿ ಹಪ್ಪಳದ ಚಾಪೆಯನ್ನು ಸುತ್ತಿಕೊಂಡು ಓಡಲು ಆಗುವುದಿಲ್ಲ. ಇಬ್ಬರು ಆ ಕಡೆ ಈ ಕಡೆ ಹಿಡಿದು ಸಮ ಎತ್ತಬೇಕು, ಇಲ್ಲದಿದ್ದರೆ ಎಲ್ಲ ಜಾರಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಂದು ಚಾಪೆ ಒಳಗೆ ಇಟ್ಟು ಬರುವಷ್ಟರಲ್ಲಿ ಉಳಿದದ್ದು ನೀರಿನಲ್ಲಿ. ಅಡಿಕೆ ದುಡ್ಡಿನ ಬೆಳೆ, ನನಗೂ ಗೊತ್ತು. ಅದರಿಂದಲೇ ಮನೆ ನಡೆಯುವುದು. ಆದರೆ ಅಡಿಕೆ ಸ್ವಲ್ಪ ನೆನೆದರೆ ಮನೆಯಿಡೀ ಎರಡು ದಿನ ಸಪ್ಪೆ ಮುಖ. ಹಪ್ಪಳ ಪೂರ್ತಿ ಹೋದರೆ "ಹೋಗಲಿ ಬಿಡು, ಹಪ್ಪಳ ತಾನೆ." ಆ "ತಾನೆ" ಕೇಳಿದಾಗ ಮೈ ಉರಿಯುತ್ತದೆ.

ಮುನ್ಸೂಚನೆ ನೋಡಬಾರದಾ ಅಂತ ಕೇಳುತ್ತೀರಿ. ನೋಡುತ್ತೇವೆ. ದಿನಾ ಬೆಳಿಗ್ಗೆ ಮೊಬೈಲ್ ನೋಡಿಯೇ ಚಾಪೆ ಹಾಸುವುದು. ಟಿವಿಯಲ್ಲಿ ಉತ್ತರ ಕನ್ನಡಕ್ಕೆ ಯೆಲ್ಲೋ ಅಲರ್ಟ್ ಅಂತ ಬರುತ್ತದೆ. ಜಿಲ್ಲೆ ಎಷ್ಟು ದೊಡ್ಡದು! ಕಾರವಾರ, ಅಂಕೋಲಾ ಸಮುದ್ರದ ಪಕ್ಕ. ಶಿರಸಿ, ಸಿದ್ದಾಪುರ ಘಟ್ಟದ ಮೇಲೆ. ಮುಂಡಗೋಡ, ಹಳಿಯಾಳ ಬಯಲುಸೀಮೆಗೆ ಅಂಟಿಕೊಂಡಿವೆ. ಹತ್ತು ಸಾವಿರ ಚದರ ಕಿಲೋಮೀಟರ್‌ಗಿಂತ ದೊಡ್ಡ ಜಿಲ್ಲೆಗೆ ಒಂದೇ ಬಣ್ಣ ಬಳಿದರೆ ನನ್ನ ಅಂಗಳಕ್ಕೆ ಅದರಿಂದ ಏನು ಗೊತ್ತಾಗಬೇಕು? ಬೇಸಿಗೆ ಮಳೆ ಒಂದು ಊರಲ್ಲಿ ಸುರಿದು ಪಕ್ಕದ ಊರಲ್ಲಿ ಧೂಳು ಏಳಿಸುವಂಥದ್ದು. ಅಲರ್ಟ್ ಇದ್ದ ದಿನವೆಲ್ಲ ಒಳಗಿಟ್ಟರೆ ಏಪ್ರಿಲ್ ಇಡೀ ಒಳಗೇ ಇಡಬೇಕು. ಹೊರಗೆ ಹಾಕಿದರೆ ಹೀಗೆ.

ಹಿಂದೆಯೂ ಈ ಕಾಲದಲ್ಲಿ ಮಳೆ ಬರುತ್ತಿತ್ತು. ಅಶ್ವಿನಿ, ಭರಣಿ, ಕೃತ್ತಿಕೆ ಅಂತ ಹೆಸರಿಟ್ಟು ಕಾಯುತ್ತಿದ್ದ ಮಳೆಗಳೇ ಅವು. ಎರಡು ಸಲ ಬಂದು ತೋಟ ತಂಪು ಮಾಡಿ ಹೋದರೆ ನಮಗೂ ಖುಷಿಯೇ. ಮಳೆಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಈಗ ಅದಕ್ಕೆ ಲೆಕ್ಕವೇ ತಪ್ಪಿದೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂದರು. ಅದರ ಮುಂದಿನ ಬೇಸಿಗೆಯಲ್ಲಿ ಬಾವಿ ಬಗ್ಗಿ ನೋಡಿದರೆ ಭಯವಾಗುತ್ತಿತ್ತು. 2025ರಲ್ಲಿ ಪೂರ್ತಿ ಉಲ್ಟಾ. ಜೂನ್ 1ರ ಹೊತ್ತಿಗೆ ಕೇರಳಕ್ಕೆ ಬರಬೇಕಾದ ಮುಂಗಾರು ಮೇ 24ಕ್ಕೇ ಬಂತು, ಅದಕ್ಕೂ ಮೊದಲೇ ಇಲ್ಲಿ ಸುರಿಯಲು ಶುರುವಾಗಿತ್ತು. ಮುರುಗಲು ಹಣ್ಣಾಗುವುದೇ ಏಪ್ರಿಲ್, ಮೇನಲ್ಲಿ. ಸಿಪ್ಪೆಯನ್ನು ಉಪ್ಪು ಹಾಕಿದ ಅದರದೇ ರಸದಲ್ಲಿ ಅದ್ದಿ, ಒಣಗಿಸಿ, ಮತ್ತೆ ಅದ್ದಬೇಕು. ಮೇನಲ್ಲಿ ಬಿಸಿಲೇ ಇಲ್ಲ ಅಂದರೆ ಅದನ್ನು ಎಲ್ಲಿ ಒಣಗಿಸುವುದು, ತಲೆಯ ಮೇಲಾ?

ಮಳೆ ನಿಂತ ಮೇಲಿನ ಕಥೆ ಕರೆಂಟಿನದು. ಒಂದು ಗುಡುಗು ಬಂದರೆ ಸಾಕು, ಹೋಗುತ್ತದೆ. ಫೋನ್ ಮಾಡಿದರೆ ಎತ್ತುವುದಿಲ್ಲ, ಎತ್ತಿದರೆ "ಲೈನ್ ಮೇಲೆ ಮರ ಬಿದ್ದಿದೆ" ಅನ್ನುತ್ತಾರೆ. ಮಾರನೆಯ ದಿನ ಹಲಸಿನ ತೊಳೆ ಬೇಯಿಸಿಟ್ಟುಕೊಂಡು ಗ್ರೈಂಡರ್ ಮುಂದೆ ಕಾಯುವುದು ಹೆಂಗಸರೇ. ಸಾಲದ್ದಕ್ಕೆ ಟವರ್ ಬ್ಯಾಟರಿ ಮುಗಿದು ನೆಟ್‌ವರ್ಕೂ ಹೋಗುತ್ತದೆ. ಆ ಮುನ್ಸೂಚನೆಯನ್ನಾದರೂ ಯಾವುದರಲ್ಲಿ ನೋಡಬೇಕು?

ಈಗ ಪರಿಹಾರದ ಮಾತು. ಬೆಳೆ 33 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಹಾಳಾಗಿದ್ದರೆ ಸರ್ಕಾರ ದುಡ್ಡು ಕೊಡುತ್ತದೆ. 2022ರಲ್ಲಿ ಕೇಂದ್ರ ಪರಿಷ್ಕರಿಸಿದ ದರದಂತೆ ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಎರಡು ಹೆಕ್ಟೇರ್ ಮಿತಿ. ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ವಿಮೆ ಬೇರೆ ಇದೆ. ಅಷ್ಟು ಸಾಲುತ್ತದಾ, ಟೈಮಿಗೆ ಬರುತ್ತದಾ, ಅದು ಬೇರೆ ಜಗಳ. ಕೊನೆಗೆ ಒಂದು ಅರ್ಜಿಯಾದರೂ ಇದೆ ಅಲ್ವಾ? ಮನೆ ಕುಸಿದರೆ ಬಟ್ಟೆಗೆ, ಪಾತ್ರೆಗೆ ಅಂತಲೂ ಇದೆ. ಅಂಗಳದಲ್ಲಿ ಹಾಳಾದ ವರ್ಷದ ದಿನಸಿಗೆ ಯಾವ ಕಾಲಂ ಇದೆ? ನಮ್ಮೂರಲ್ಲಿ ಸ್ವಸಹಾಯ ಸಂಘದ ಹೆಂಗಸರು ಹಪ್ಪಳ ಮಾರಿಯೇ ಮಕ್ಕಳ ಪುಸ್ತಕ, ಬಟ್ಟೆಯ ಖರ್ಚು ನೋಡಿಕೊಳ್ಳುತ್ತಾರೆ. ಸಂಘದಲ್ಲಿ ಸಾಲ ತೆಗೆದು ಒತ್ತುವ ಮಷಿನ್ ತಂದವರಿದ್ದಾರೆ. ಹಪ್ಪಳ ಹೋದರೂ ಕಂತು ನಿಲ್ಲುವುದಿಲ್ಲ. ಪಹಣಿ ಗಂಡಸರ ಹೆಸರಲ್ಲಿ, ಬೆಳೆ ಪಹಣಿಯಲ್ಲಿ, ಪರಿಹಾರ ಬೆಳೆಗೆ. ಹೆಂಗಸು ದುಡಿದದ್ದು ಅಂಗಳದಲ್ಲಿದೆ, ಅಂಗಳ ಯಾವ ಕಾಗದದಲ್ಲೂ ಇಲ್ಲ.

ಇದೆಲ್ಲದರ ಮೇಲೆ ಬೆಂಗಳೂರಿನ ಫೋನುಗಳು. ಇಲ್ಲಿ ನಾನು ನೆನೆದ ಸಂಡಿಗೆಯನ್ನು ಕೆರೆದು ದನಕ್ಕೆ ಹಾಕುತ್ತಿರುತ್ತೇನೆ. ಅಲ್ಲಿಂದ ನಾದಿನಿ, "ಅತ್ತಿಗೆ, ಮಳೆ ಬಂತಂತೆ! ಎಂಥ ಅದೃಷ್ಟ ನಿಮ್ಮದು, ಮಣ್ಣಿನ ವಾಸನೆ ಹೇಗಿದೆ? ವಿಡಿಯೋ ಕಳಿಸಿ." ಅವಳು ಕೆಟ್ಟವಳಲ್ಲ. ಆದರೆ ಅದೇ ಫೋನಿನ ಕೊನೆಗೆ, "ಈ ಸಲ ಹಪ್ಪಳ ಸ್ವಲ್ಪ ಜಾಸ್ತಿ ಇಡಿ, ಆಫೀಸಿನವರೂ ಕೇಳುತ್ತಿದ್ದಾರೆ." ಮಳೆಗೂ ಹಪ್ಪಳಕ್ಕೂ ಏನು ಸಂಬಂಧ ಅಂತ ಇದೇ ಅಂಗಳದಲ್ಲಿ ಆಡಿ ಬೆಳೆದವಳೇ ಮರೆತರೆ ಬೇರೆಯವರಿಗೆ ಏನು ಹೇಳುವುದು? ರಜೆಗೆ ಬಂದು ಹೋಗುವಾಗ ಪ್ರತಿ ಕಾರಿನ ಡಿಕ್ಕಿಗೂ ಹಪ್ಪಳದ ಕಟ್ಟು, ಉಪ್ಪಿನಕಾಯಿ ಬಾಟಲಿ ಹೋಗಬೇಕು. ಕೊಡಲು ನನಗೆ ಬೇಸರವಿಲ್ಲ, ಕೊಡುವುದರಲ್ಲಿ ಪ್ರೀತಿಯೇ ಇದೆ. ಈ ವರ್ಷ ಕಡಿಮೆ ಅಂದಾಗ ಮುಖ ಸಣ್ಣ ಮಾಡಿಕೊಳ್ಳುತ್ತಾರಲ್ಲ, ಅದನ್ನು ಸಹಿಸಲು ಆಗುವುದಿಲ್ಲ.

ಇನ್ನು ಉಪದೇಶದವರು. "ಸೋಲಾರ್ ಡ್ರೈಯರ್ ಹಾಕಿಸಿ, ಪ್ಲಾಸ್ಟಿಕ್ ಮನೆ ಕಟ್ಟಿಸಿ, ಸಬ್ಸಿಡಿ ಇದೆ." ಕಟ್ಟಿಸಿದ ಮನೆಗಳನ್ನು ನೋಡಿದ್ದೇನೆ. ಒಳ್ಳೆಯದೇ. ಅದರೊಳಗೆ ಮೊದಲು ಹೋಗಿ ಕೂರುವುದೂ ಅಡಿಕೆಯೇ. ಆಮೇಲೆ ಕಾಳುಮೆಣಸು. ಮೂಲೆಯಲ್ಲಿ ಒಂದು ಚಾಪೆಯಷ್ಟು ಜಾಗ ಕೇಳಿದರೆ, "ಎಣ್ಣೆ ಹಿಡಿಯುತ್ತೆ, ಅಲ್ಲಿ ಬೇಡ" ಅಂತಾರೆ. "ಅಂಗಡಿಯಲ್ಲಿ ಹಪ್ಪಳ ಸಿಗುತ್ತೆ, ಯಾಕೆ ಒದ್ದಾಡ್ತೀರಿ" ಅನ್ನುವವರಿಗೆ ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ. ಜುಲೈನಲ್ಲಿ ಹೊಳೆ ತುಂಬಿ, ರಸ್ತೆ ಬಂದ್ ಆಗಿ, ತರಕಾರಿ ಗಾಡಿ ಊರಿಗೆ ಬಾರದ ದಿನ ಬಟ್ಟಲಿಗೆ ಬೀಳುವುದು ಮುರುಗಲು ಸಾರು, ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಆ ದಿನ ಯಾರೂ "ಹಪ್ಪಳ ತಾನೆ" ಅನ್ನುವುದಿಲ್ಲ.

ಹಾಗಾಗಿ ನೇರವಾಗಿ ಕೇಳುತ್ತಿದ್ದೇನೆ. ಮಳೆ ಹಾನಿ ಬರೆದುಕೊಳ್ಳಲು ಬರುವವರು ತೋಟ ಸುತ್ತಿದ ಮೇಲೆ ಅಂಗಳಕ್ಕೂ ಬನ್ನಿ, ಮನೆಯ ಹೆಂಗಸರನ್ನೂ ಕೇಳಿ ಬರೆದುಕೊಳ್ಳಿ. ಹಪ್ಪಳ, ಸಂಡಿಗೆ ಮಾರುವ ಸಂಘಗಳ ನಷ್ಟಕ್ಕೆ ಒಂದು ದಾರಿ ಮಾಡಿ. ಪಂಚಾಯಿತಿಯಿಂದ ಊರಿಗೊಂದು ಒಣಗಿಸುವ ಮನೆ ಕಟ್ಟಿಸಿ, ಮಾರ್ಚ್‌ನಿಂದ ಮೇವರೆಗೆ ಅದು ಹೆಂಗಸರ ಕೈಯಲ್ಲಿರಲಿ. ಹೊರಗಿರುವ ನಮ್ಮವರು ವಿಡಿಯೋ ಕೇಳುವ ಬದಲು ಏಪ್ರಿಲ್‌ನಲ್ಲಿ ಎರಡು ದಿನ ರಜೆ ಹಾಕಿ ಬನ್ನಿ. ಚಾಪೆಯ ಇನ್ನೊಂದು ತುದಿ ಹಿಡಿಯಲು ಕೈ ಬೇಕು.

ಮನೆಯಲ್ಲೂ ಹೇಳಿ ಆಗಿದೆ. ಸಂಘದ ದುಡ್ಡಿನಲ್ಲಿ ಹೊಸ ತಾಡಪಾಲು ತಂದಿದ್ದೇನೆ. ಅದು ಹಪ್ಪಳಕ್ಕೆ, ಸಂಡಿಗೆಗೆ, ಮುರುಗಲಿಗೆ. ಎಷ್ಟೇ ಜೋರು ಮಳೆ ಬರಲಿ, ಅದನ್ನು ಎಳೆದುಕೊಂಡು ಹೋಗಿ ಅಡಿಕೆ ಮುಚ್ಚಲು ಬಿಡುವುದಿಲ್ಲ.