ಉಪ್ಪೋ ಸಪ್ಪೆಯೋ

ಹಾಯಿದೋಣಿಯಲ್ಲೇ ಸಂಸಾರ ಹೂಡಿದವರು ಬೆಳಿಗ್ಗೆ ಎದ್ದ ಕೂಡಲೇ ಕಾಫಿಗೆ ಇಡುವುದಿಲ್ಲ. ನೆಲದ ಹಲಗೆ ಎತ್ತಿ ಕೆಳಗೆ ಇಣುಕುತ್ತಾರೆ. ದೋಣಿಯ ತಳದ ಆ ಗುಂಡಿಗೆ ಬಿಲ್ಜ್ ಎಂದು ಹೆಸರು. ಅಲ್ಲಿ ನೀರು ಕಂಡರೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಬೇಕು, ಅಸಹ್ಯಪಟ್ಟುಕೊಂಡರೆ ಆಗದು. ಸಪ್ಪೆಯಾಗಿದ್ದರೆ ಕುಡಿಯುವ ನೀರಿನ ಟ್ಯಾಂಕು ಸೋರುತ್ತಿದೆ, ಇಲ್ಲವೇ ರಾತ್ರಿಯ ಮಳೆ ಹಾಯಿಕಂಬದ ಗುಂಟ ಇಳಿದಿದೆ. ಉಪ್ಪಾಗಿದ್ದರೆ ಸಮುದ್ರವೇ ಒಳಗೆ ಬಂದಿದೆ. ಆಗ ಮೊದಲು ನೋಡುವುದು ಪ್ರೊಪೆಲ್ಲರ್ ದಂಡ ಹೊರಹೋಗುವ ತೂತು, ಆಮೇಲೆ ಕಕ್ಕಸಿನ ಪೈಪು.

ಈ ಕಕ್ಕಸಿನ ಬಗ್ಗೆ ನಾಲ್ಕು ಮಾತು ಹೆಚ್ಚೇ ಹೇಳಬೇಕು. ಇಲ್ಲಿ ಫ್ಲಶ್ ಇಲ್ಲ, ಕೈಪಂಪು. ಪಕ್ಕದ ಹಿಡಿಯನ್ನು ಒಂದು ಕಡೆ ತಿರುಗಿಸಿದರೆ ಕಡಲನೀರು ಒಳಗೆ, ಇನ್ನೊಂದು ಕಡೆ ತಿರುಗಿಸಿದರೆ ಬರೀ ಹೊರಗೆ. ಹದಿನೈದು ಇಪ್ಪತ್ತು ಸಲ ಪಂಪು ಹೊಡೆಯಬೇಕು. ಸೋಮಾರಿತನ ಮಾಡಿದರೆ ಕೊಳಕು ಒಂದೂವರೆ ಇಂಚಿನ ಪೈಪಿನಲ್ಲೇ ಕೂರುತ್ತದೆ. ಮೂತ್ರ ಮತ್ತು ಕಡಲನೀರು ಬೆರೆತು ಸುಣ್ಣದಂಥ ಪದರ ಕಟ್ಟಿ ವರ್ಷಗಳಲ್ಲಿ ಪೈಪು ಕಿರಿದಾಗುತ್ತದೆ. ಆ ಪದರ ರಬ್ಬರ್ ಕವಾಟಕ್ಕೆ ಹತ್ತಿದರೆ ಕಳಿಸಿದ್ದೆಲ್ಲ ವಾಪಸ್! ಆಗಾಗ ವಿನೆಗರ್ ಸುರಿದು ಒಂದು ರಾತ್ರಿ ಬಿಟ್ಟರೆ ಅಷ್ಟು ಬೇಗ ಕಟ್ಟುವುದಿಲ್ಲ. ಕಾಗದ ಹಾಕಿದರೂ ಕಟ್ಟಿಕೊಳ್ಳುತ್ತದೆ, ಹಾಗಾಗಿ ತಂಬಿಗೆ ಅಭ್ಯಾಸದವರದು ಇಲ್ಲಿ ಒಂದು ಕೈ ಮೇಲೆ. ಕೊನೆಗೆ ನೀರು ಬರುವ ತೂಬನ್ನು ಮುಚ್ಚುವುದು ಮರೆಯಬಾರದು. ಬೋಗುಣಿ ಸಮುದ್ರಮಟ್ಟಕ್ಕಿಂತ ಕೆಳಗಿದ್ದರೆ ನೀರು ತಾನಾಗಿ ಏರಿ ತುಂಬಿ ಹರಿದು ದೋಣಿಯನ್ನೇ ಮುಳುಗಿಸಬಲ್ಲದು. ತೂಬೇ ಮುರಿದರೆ ತುರುಕಲೆಂದು ಪ್ರತಿ ತೂಬಿನ ಪಕ್ಕವೂ ಒಂದೊಂದು ಮರದ ಬಿರಡೆ ದಾರದಲ್ಲಿ ನೇತಾಡುತ್ತಿರುತ್ತದೆ.

ಕೆರಿಬಿಯನ್ನಿನ ಗ್ರೆನಡಾ ಬಳಿ ಲಂಗರು ಹಾಕಿದ ದೋಣಿಯಲ್ಲಿ 300 ಲೀಟರ್ ಸಿಹಿನೀರಿದೆ ಅನ್ನಿ. ಇಬ್ಬರು ತಲಾ ದಿನಕ್ಕೆ 10 ಲೀಟರ್ ಬಳಸಿದರೆ ಹದಿನೈದು ದಿನ. ಪಾತ್ರೆಗೆ ಕಡಲನೀರು, ಕೊನೆಗೊಂದು ಲೋಟ ಸಿಹಿನೀರು. ಬಟ್ಟೆಗೆ ಈ ಜಿಪುಣತನ ನಡೆಯದು. ಬಟ್ಟೆಯಲ್ಲಿ ಉಳಿದ ಉಪ್ಪು, ಗಾಳಿಯಲ್ಲಿನ ತೇವವನ್ನು ಹೀರುತ್ತಲೇ ಇರುತ್ತದೆ, ಟವೆಲ್ಲು ಒಣಗುವುದೇ ಇಲ್ಲ.

ಇಷ್ಟೆಲ್ಲ ಪಾಡು ಯಾಕೆ ಅಂದರೆ, ಸಂಜೆ. ನೀರಿನ ಆಳದ ಐದು ಪಟ್ಟು ಸರಪಳಿ ಬಿಟ್ಟು ಲಂಗರು ಕಚ್ಚಿತೆಂದರೆ ದೋಣಿ ತಾನೇ ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ. ಮೂತಿಯ ಕಿಂಡಿ ತೆರೆದಿಟ್ಟರೆ ತಂಗಾಳಿ ನೇರ ಹಾಸಿಗೆಗೆ. ಫ್ಯಾನಿನ ಸದ್ದಿಲ್ಲ, ಕರೆಂಟು ಹೋಗುವ ಭಯವಿಲ್ಲ.

ಆದರೆ ಜೂನ್ ಕಳೆದ ಮೇಲೆ ನಡುರಾತ್ರಿ ಮಳೆ ಗ್ಯಾರಂಟಿ. ಒಬ್ಬರು ಕಿಂಡಿ ಮುಚ್ಚಲು ಓಡುತ್ತಾರೆ, ಇನ್ನೊಬ್ಬರು ಹಳೇ ಟವೆಲ್ಲು ಹಿಡಿದು ಡೆಕ್ಕಿಗೆ. ಅಲ್ಲಿ ಟ್ಯಾಂಕಿನ ಬಾಯಿಯ ಕೆಳಬದಿಗೆ ಟವೆಲ್ಲನ್ನು ಸುರುಳಿ ಸುತ್ತಿ ಅಡ್ಡ ಇಟ್ಟರೆ ಪುಟ್ಟ ಕಟ್ಟೆ. ಮೊದಲ ಹತ್ತು ನಿಮಿಷದ ನೀರು ಡೆಕ್ಕಿನ ಉಪ್ಪು, ಹಕ್ಕಿ ಹಿಕ್ಕೆ ತೊಳೆದುಕೊಂಡು ಹೋಗಲಿ. ಆಮೇಲೆ ತೊಯ್ದುಕೊಂಡೇ ಒಂದು ಬೊಗಸೆ ಹಿಡಿದು ನಾಲಿಗೆಗೆ ಮುಟ್ಟಿಸುವುದು. ಸಪ್ಪೆ ಅನ್ನಿಸಿದರೆ ಮುಚ್ಚಳ ತೆರೆಯುವುದು.