ಡ್ಯಾಶ್‌ಬೋರ್ಡಿನಲ್ಲಿ ಹಳೇ ಟ್ಯಾಬ್: ಬೇಕಾ, ಬೇಡ್ವಾ?

ಪರ: ಬೀರುವಿನಲ್ಲಿ ಮಲಗೋ ಬದಲು ಕಾರಿನಲ್ಲಿ ಹಾಡಲಿ

ನನ್ನ ಕಾರು 2012ರದ್ದು. ಬಳ್ಳಾರಿ–ತೋರಣಗಲ್ಲು ದಾರಿಯ ಕೆಂಪು ದೂಳು ತಿಂದು ತಿಂದು ಅದರ ಸಿಡಿ ಪ್ಲೇಯರ್ ಒಂದು ದಿನ ಬಾಯಿ ಮುಚ್ಚಿಕೊಂಡಿತು. ಒಳಗಿದ್ದ ಸಿಡಿ ಇವತ್ತಿಗೂ ಹೊರಗೆ ಬಂದಿಲ್ಲ. ಹೊಸ ಟಚ್ ಸ್ಟೀರಿಯೋಗೆ ಅಂಗಡಿಯವರು 18 ಸಾವಿರ ಅಂದರು. ಮನೆಯಲ್ಲಿ ನೋಡಿದರೆ, ಕೊರೊನಾ ಕಾಲದಲ್ಲಿ ಮಗಳ ಆನ್‌ಲೈನ್ ಕ್ಲಾಸಿಗೆ ಅಂತ ತಂದ 7 ಇಂಚಿನ ಟ್ಯಾಬ್ ಬೀರುವಿನಲ್ಲಿ ಸೀರೆಗಳ ಕೆಳಗೆ ಸುಮ್ನೆ ಬಿದ್ದಿತ್ತು. ದುಡ್ಡು ಕೊಟ್ಟು ತಂದ ವಸ್ತು ಅಲ್ವಾ?

ಕೌಲ್ ಬಜಾರಿನ ಎಲೆಕ್ಟ್ರಿಷಿಯನ್ ಹುಡುಗನೊಬ್ಬ ಸ್ಟೀರಿಯೋ ಕಿತ್ತ. ಡಬಲ್ ಡಿನ್ ಅನ್ನೋ ಅಳತೆಯ ಕಿಂಡಿ ಅದು. ಅಗಲ ಸುಮಾರು 18 ಸೆಂಟಿಮೀಟರ್, ಎತ್ತರ 10. ನಮ್ಮ ಟ್ಯಾಬ್ ಒಂದೂವರೆ ಸೆಂಟಿಮೀಟರ್ ಉದ್ದ ಜಾಸ್ತಿ. "ಅಣ್ಣಾ, ಟ್ಯಾಬ್ ಕೊಯ್ಯಾಕಾಗಲ್ಲ, ಫ್ರೇಮೇ ಕೊಯ್ಯಬೇಕು" ಅಂದವನೇ ಅರ ಹಿಡಿದು ಉಜ್ಜತೊಡಗಿದ. ಗಾಡಿಯ 12 ವೋಲ್ಟನ್ನು 5ಕ್ಕೆ ಇಳಿಸಲು ಒಂದು ಪುಟ್ಟ ಚಾರ್ಜರ್ ಡಬ್ಬಿ ಹಾಕಿದ. ಅದಕ್ಕೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ವೈರ್ ಕೊಟ್ಟ. ನೇರ ಬ್ಯಾಟರಿಗೆ ಕೊಟ್ಟರೆ ನಾಲ್ಕು ದಿನ ಊರಿಗೆ ಹೋಗಿ ಬಂದ ಮೇಲೆ ಗಾಡಿ ತಳ್ಳಬೇಕಾಗುತ್ತೆ. ಕಾರಿನ ಸ್ಪೀಕರ್ ಹಾಡಿಸುವ ಶಕ್ತಿ ಟ್ಯಾಬಿಗಿಲ್ಲ, ಹಾಗಾಗಿ ಸೀಟಿನ ಕೆಳಗೊಂದು ಸಣ್ಣ ಆಂಪ್ಲಿಫೈಯರ್ ಬಂತು.

ಮೊದಲ ದಿನ ಹಾಡಿನ ಹಿಂದೆ ಕುಂಯ್ ಅಂತ ಸದ್ದು. ಆಕ್ಸಿಲರೇಟರ್ ಒತ್ತಿದಷ್ಟೂ ಅದೂ ಮೇಲೇರುತ್ತಿತ್ತು. ಹುಡುಗ ಒಂದು ಕಡೆ ಬಾಡಿಯ ಬಣ್ಣ ಕೆರೆದ. ಆಂಪ್ಲಿಫೈಯರ್‌ದು, ಚಾರ್ಜರ್‌ದು ಎರಡೂ ಅರ್ತ್ ವೈರ್ ತಂದು ಅಲ್ಲಿ ಒಂದೇ ಬೋಲ್ಟಿಗೆ ಬಿಗಿದ. ಸದ್ದು ಮಾಯ. ಎಲ್ಲಾ ಸೇರಿ ಖರ್ಚು 3,200 ರೂಪಾಯಿ. 18 ಸಾವಿರ ಎಲ್ಲಿ, 3,200 ಎಲ್ಲಿ!

ಈಗ ಅವ್ವನಿಗೆ ತತ್ವಪದ, ಮಗಳಿಗೆ ಅವಳ ಹಾಡು, ನನಗೆ ಮ್ಯಾಪ್. ಸಿಗ್ನಲ್ ಇಲ್ಲದ ಕಡೆಗೂ ಹಾಡು ಇಳಿಸಿಟ್ಟುಕೊಂಡಿದ್ದೇನೆ. ಪರದೆ ನೋಡುತ್ತಾ ಗುದ್ದಿಬಿಡ್ತೀರಿ ಅಂತ ಕೆಲವರು ಹೆದರಿಸುತ್ತಾರೆ. ಅವರೆಲ್ಲ ರೇಡಿಯೋ ಸ್ಟೇಷನ್ ಹುಡುಕುವಾಗ ಕಣ್ಣು ಮುಚ್ಚಿಕೊಂಡಿದ್ದರೇನೋ. ಬಿಸಿಲಿಗೆ ಹಾಳಾಗುತ್ತೆ ಅನ್ನೋದು ಇನ್ನೊಂದು ರಾಗ. ಬಳ್ಳಾರಿ ಬಿಸಿಲಲ್ಲಿ ನಾವು ಬದುಕಿಲ್ವಾ? ಅಷ್ಟಕ್ಕೂ ಹಾಳಾದರೆ ಹಾಳಾಗಲಿ, ಬೀರುವಿನಲ್ಲಿ ಬಿದ್ದಿದ್ದ ವಸ್ತು. 3,200 ರೂಪಾಯಿ ಅಷ್ಟೇ.

ವಿರೋಧ: ಮೇ ತಿಂಗಳು ಒಂದು ಸಲ ಕಳೆಯಲಿ

ವಿರೋಧ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ನಿಜ ಹೇಳಬೇಕಂದ್ರೆ ನನ್ನ ಗಾಡಿಯಲ್ಲೂ ಟ್ಯಾಬ್ ಇತ್ತು. ಚೆನ್ನಾಗೇ ಹಾಡುತ್ತಿತ್ತು.

ಮೊದಲು ಹೇಳಲೇಬೇಕಾದ್ದು ಹೇಳಿಬಿಡುತ್ತೇನೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡ್ ಪರದೆ ನೋಡಿದರೆ ಗಾಡಿ 33 ಮೀಟರ್ ಮುಂದೆ ಹೋಗಿರುತ್ತೆ. ತಿರುಗಿಸೋ ಗುಂಡಿ ಎಲ್ಲಿದೆ ಅಂತ ಬೆರಳಿಗೇ ಗೊತ್ತಿರುತ್ತೆ, ಗಾಜಿನ ಮೇಲೆ ಅದು ಆಗಲ್ಲ. ಓಡಿಸುವಾಗ ಫೋನಿನಂಥದ್ದು ಕೈಯಲ್ಲಿ ಹಿಡಿದರೆ, 2019ರ ತಿದ್ದುಪಡಿ ಪ್ರಕಾರ ಮೊದಲ ಸಲಕ್ಕೆ 5 ಸಾವಿರದವರೆಗೆ ದಂಡ. ಡ್ಯಾಶ್‌ಬೋರ್ಡಿಗೆ ಕೂರಿಸಿದ್ದು ಕೈಯಲ್ಲಿ ಹಿಡಿದ ಹಾಗೆ ಆಗುತ್ತಾ? ವಕೀಲರನ್ನು ಕೇಳಿ.

ನನ್ನ ತಕರಾರು ಬಿಸಿಲಿಂದು. ಹೋದ ವರ್ಷ ಮೇ ತಿಂಗಳಲ್ಲಿ ಮಾನ್ವಿಯಲ್ಲಿ ಒಂದು ಮದುವೆ. ಕಲ್ಯಾಣ ಮಂಟಪದ ಮುಂದೆ ನೆರಳು ಸಿಗಲಿಲ್ಲ, ಬಯಲಲ್ಲೇ ಗಾಡಿ ನಿಲ್ಲಿಸಿದೆ. ನಮ್ಮ ರಾಯಚೂರು ಸೀಮೆಯಲ್ಲಿ ಆಗ ನೆರಳಲ್ಲೇ 40 ಡಿಗ್ರಿ ದಾಟಿರುತ್ತೆ. ಗಾಜು ಏರಿಸಿದ ಗಾಡಿಯೊಳಗೆ ಕೇಳಬೇಡಿ. ಐಪ್ಯಾಡನ್ನು 35 ಡಿಗ್ರಿ ಒಳಗೆ ಬಳಸಿ, ನಿಲ್ಲಿಸಿದ ಕಾರಲ್ಲಿ ಬಿಡಬೇಡಿ ಅಂತ ಆಪಲ್‌ನವರೇ ಹೇಳುತ್ತಾರೆ. ನನ್ನದಂತೂ ಅಗ್ಗದ ಟ್ಯಾಬ್.

ಊಟ ಮುಗಿಸಿ ಬಂದರೆ ಪರದೆ ಒಂದು ಮೂಲೆಯಲ್ಲಿ ಎದ್ದು ನಿಂತಿದೆ. "ಇದೇನ್ರೀ, ಪೂರಿ ಉಬ್ಬಿದಂಗ ಉಬ್ಬೈತಲ್ಲ" ಅಂದಳು ಹೆಂಡತಿ. ಒಳಗಿನ ಬ್ಯಾಟರಿ ಊದಿಕೊಂಡಿತ್ತು. ಮಾವ ಹಿಂದಿನ ಸೀಟಲ್ಲಿ ಕೂತು, ಬಾಗಿಲು ತೆರೆದಿಟ್ಟೇ ಒಂದು ಕಾಲು ಹೊರಗಿಟ್ಟುಕೊಂಡರು. "ಸಿಡಿದ್ರ ಜಿಗೀಬೇಕಲ್ಲಪ್ಪ" ಅಂದರು. ಅಡುಗೆಯವರ ಹತ್ತಿರ ಮರದ ಸೌಟು ಈಸಿಕೊಂಡು, ಉಸಿರು ಬಿಗಿ ಹಿಡಿದು ಅದನ್ನು ಎಬ್ಬಿಸಿದೆ. ಪಕ್ಕದಲ್ಲಿ ಮರಳು ಗುಡ್ಡೆ ಇತ್ತು, ಅದರ ಮೇಲಿಟ್ಟು ಕಾಯುತ್ತಾ ಕೂತೆವು. ಮದುವೆಗೆ ಬಂದವರಲ್ಲಿ ಅರ್ಧ ಜನ ಮದುಮಕ್ಕಳನ್ನು ಬಿಟ್ಟು ನಮ್ಮ ಟ್ಯಾಬ್ ನೋಡಲು ಬಂದರು. ಪುಣ್ಯಕ್ಕೆ ಏನೂ ಆಗಲಿಲ್ಲ.

ಊರಿಗೆ ಬಂದು ಹಳೇ ಸ್ಟೀರಿಯೋ ಕೂರಿಸೋಣ ಅಂದರೆ ಫ್ರೇಮ್ ಕೊಯ್ದಾಗಿದೆ, ನಿಲ್ಲಲ್ಲ. ಬ್ಯಾಟರಿ ತೆಗೆದು ಬರೀ ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಕರೆಂಟ್ ಕೊಟ್ಟೂ ಟ್ಯಾಬ್ ಓಡಿಸಬಹುದಂತೆ. ಹಾಗೆ ಮಾಡೋರು ಯಾರಾದರೂ ಗೊತ್ತಿದ್ದರೆ ಹೇಳಿ, ಇದನ್ನು ಮನೆಯವಳಿಗೆ ಮಾತ್ರ ಹೇಳಬೇಡಿ. ಸದ್ಯಕ್ಕೆ ಆ ಕಿಂಡಿಯಲ್ಲಿ ಟೋಲ್ ಚೀಟಿ ಮತ್ತು ಮಗ ತಿಂದು ಹಾಕಿದ ಶೇಂಗಾ ಸಿಪ್ಪೆ ಇದೆ.